ಹಗೇವಿನ ಮೇಲಿನ ಗೆರೆ

ತ್ಯಾಗರಾಜನಗರ, ಬೆಂಗಳೂರು
೬ ಫೆಬ್ರವರಿ ೨೦೨೪

ಪ್ರಿಯ ಸಿದ್ಧಾರ್ಥನಿಗೆ,

ನಿನ್ನ ಹಳೆಯ ಶಿವರಾಮ ಮಾಡುವ ನಮಸ್ಕಾರ. ನಾನು, ಗೌರಮ್ಮ ಇಬ್ಬರೂ ಕ್ಷೇಮ. ನೀನು, ಈಶ್ವರಮ್ಮ ಚೆನ್ನಾಗಿದ್ದೀರೆಂದು ನಿನ್ನ ಮಗಳು ಸಂಘಮಿತ್ರಾಳಿಂದ ತಿಳಿಯಿತು. ಕಾಗದ ಬರೆಯುವುದು ತಡವಾಯಿತು, ಕ್ಷಮಿಸು ಎಂದು ಎಲ್ಲರೂ ಮೊದಲು ಬರೆಯುತ್ತಾರೆ, ನಾನೂ ಬರೆಯುತ್ತಿದ್ದೇನೆ. ಮೂವತ್ತು ವರ್ಷ ತಡವಾಯಿತು. ಇಲ್ಲಿಂದ ಬೊಮ್ಮನಹಳ್ಳಿಗೆ ಬಸ್ಸು ಒಂದು ಸಲ ಬದಲಾಯಿಸಿದರೆ ಸಾಕು ಎಂದು ಗೌರಮ್ಮ ಪ್ರತಿ ಯುಗಾದಿಗೂ ನೆನಪಿಸುತ್ತಿದ್ದಳು. ನಾನು ಪ್ರತಿ ಯುಗಾದಿಗೂ ಬಿಸಿಲು ಜಾಸ್ತಿ ಎನ್ನುತ್ತಿದ್ದೆ.

ಕಳೆದ ಭಾನುವಾರ ಬೆಳಿಗ್ಗೆ ಗೇಟಿನ ಬಳಿ ಸ್ಕೂಟರ್ ನಿಲ್ಲಿಸಿ ಒಬ್ಬಳು ಹುಡುಗಿ, "ಶಿವರಾಮ್ ಅಂಕಲ್ ಮನೆ ಇದೇನಾ?" ಎಂದು ಕೇಳಿದಳು. ಹೆಲ್ಮೆಟ್ ತೆಗೆದಾಗ ನಿನ್ನ ಹಣೆ ಕಂಡಿತು. ನಾನು ಹೆಸರು ಕೇಳುವ ಮೊದಲೇ ಗೌರಮ್ಮ ಅಡುಗೆಮನೆಯಿಂದ ಇಣುಕಿ, "ಯಾರ್ರೀ ಅದು? ಸಿದ್ಧಾರ್ಥಣ್ಣನ ಮಗಳ ತರ ಇದಾಳೆ" ಎಂದಳು. ಅವಳು ನಿನ್ನ ಮಗಳನ್ನು ಒಮ್ಮೆಯೂ ನೋಡಿದವಳಲ್ಲ. ಮಿತ್ರಾ ಎರಡು ದೋಸೆ ತಿಂದಳು, ಮೂರನೆಯದು ಬೇಡವೆಂದಳು, ಆಮೇಲೆ ಅದನ್ನೂ ತಿಂದಳು. ಅದೂ ನಿನ್ನಂತೆಯೇ.

ವಿಷಯ ಏನೆಂದು ನಿನಗೆ ಅವಳು ಹೇಳಿರಬಹುದು, ಹೇಳದೆಯೂ ಇರಬಹುದು. "ಅಪ್ಪ ಆ ಹೊಲದ ಮಾತು ಬಂದ್ರೆ ಎದ್ದು ಹೋಗ್ಬಿಡ್ತಾರೆ ಅಂಕಲ್" ಎಂದಳು. ಜೆ.ಪಿ. ನಗರ ಎಂಟನೇ ಹಂತದ ಆಚೆ, ಕೆರೆ ಪಕ್ಕದ ಚಿಕ್ಕಬೈರಪ್ಪನವರ ರಾಗಿ ಹೊಲ. ೧೯೯೪ರ ಬೇಸಿಗೆಯಲ್ಲಿ ಪುರಾತತ್ವ ಇಲಾಖೆಯ ಉತ್ಖನನಕ್ಕೆ ನಾವಿಬ್ಬರೂ ಅಗೆತದ ಗೋಡೆ ಅಳೆದು ಚಿತ್ರ ಬರೆದ ಅದೇ ಹೊಲ. ಈಗ ಅಲ್ಲಿ ಚಿಕ್ಕಬೈರಪ್ಪನವರ ಮೊಮ್ಮಗ ಶಿವಕಿರಣ್ ಅಪಾರ್ಟ್‌ಮೆಂಟ್ ಕಟ್ಟಿಸುತ್ತಿದ್ದಾನೆ. ಪಾಯ ತೆಗೆಯುವ ಮುಂಚೆ ಮಣ್ಣಿನೊಳಗೆ ಏನಿದೆ ಎಂದು ದಾಖಲೆ ಮಾಡಲು ಮೂರು ವಾರ ಕೊಟ್ಟಿದ್ದಾರೆ. ಆ ಗುತ್ತಿಗೆ ಕೆಲಸಕ್ಕೆ ಬಂದಿರುವವಳು ನಿನ್ನ ಮಗಳು. ಎಷ್ಟು ಹೊಲಗಳಿಲ್ಲ ಈ ಊರಿನಲ್ಲಿ, ಅವಳಿಗೆ ಅದೇ ಹೊಲ ಬರಬೇಕೆ ಎಂದು ನಾನು ಆಶ್ಚರ್ಯಪಟ್ಟರೆ, "ಬರ್ಲಿಲ್ಲ ಅಂಕಲ್, ನಾನೇ ಕೇಳಿ ಹಾಕಿಸ್ಕೊಂಡೆ" ಎಂದಳು.

ಬ್ಯಾಗಿನಿಂದ ಒಂದು ಜೆರಾಕ್ಸ್ ತೆಗೆದು ಮೇಜಿನ ಮೇಲೆ ಹರಡಿದಳು. ನಾಲ್ಕನೇ ಅಗೆತದ ಪಶ್ಚಿಮ ಗೋಡೆ, ನೀನು ಬರೆದದ್ದು. ಮೇಲೆ ಉಳುಮೆಯ ಮಣ್ಣು, ಅದರ ಕೆಳಗೆ ಬೆರಳು ದಪ್ಪದ ಹಳದಿ ಮೆಕ್ಕಲು ಗೆರೆ, ಅದರ ಕೆಳಗೆ ಬೂದಿಮಣ್ಣು, ತಳದಲ್ಲಿ ಕೆಂಪು ಗಟ್ಟಿನೆಲ. ಬೂದಿಮಣ್ಣಿನಿಂದ ಕೆಳಕ್ಕೆ ಸಣ್ಣ ಬಾಯಿ, ದೊಡ್ಡ ಹೊಟ್ಟೆಯ ಐದನೇ ಗುಂಡಿ. ಬಾಯಿಯ ಮೇಲೆ ಹಳದಿ ಗೆರೆ ಎಲ್ಲೂ ಕಡಿಯದೆ ಹಾದು ಹೋಗಿದೆ. ಆ ಗೆರೆಯ ಮೇಲೆ ಡೈರೆಕ್ಟರ್ ಸಾಹೇಬರು ಕೆಂಪು ಶಾಯಿಯಲ್ಲಿ "ಕಾಲ್ಪನಿಕ" ಎಂದು ಬರೆದದ್ದು ಜೆರಾಕ್ಸಿನಲ್ಲಿ ಕಪ್ಪಾಗಿ ಬಂದಿತ್ತು.

ನಿನಗೆ ಪಾಠ ಹೇಳುತ್ತಿದ್ದೇನೆ ಎಂದು ನಗಬೇಡ. ಗೌರಮ್ಮ ಕೇಳಿದಳು, ಮಿತ್ರಾ ಅವಳಿಗೆ ಹೇಳಿದಳು, ನಾನು ಅದನ್ನೇ ಬರೆಯುತ್ತಿದ್ದೇನೆ. "ಆಂಟಿ, ಗುಂಡಿ ಎಷ್ಟು ಹಳೇದು ಅನ್ನೋದು ಅದರ ತಳ ನೋಡಿದ್ರೆ ಗೊತ್ತಾಗಲ್ಲ, ಬಾಯಿ ನೋಡ್ಬೇಕು. ಯಾವ ಪದರದಿಂದ ತೋಡೋಕೆ ಶುರು ಮಾಡಿದಾರೋ ಆ ಕಾಲದ್ದು. ಬಾಯಿ ಮೇಲೆ ಮೆಕ್ಕಲು ಮುಚ್ಕೊಂಡಿದೆ ಅಂದ್ರೆ ಮೆಕ್ಕಲು ಬರೋಕೆ ಮುಂಚೇನೇ ಗುಂಡಿ ಇತ್ತು. ಎರಡು ಸಾವಿರ ವರ್ಷದ ಹಿಂದೆ ಯಾರೋ ಇಲ್ಲಿ ಧಾನ್ಯ ತುಂಬಿ ಇಟ್ಟಿದ್ರು, ಬಾಳ್ವೆ ಮಾಡಿದ್ರು." ಸಾಹೇಬರ ಪ್ರಕಾರ ಅಲ್ಲಿ ಬರೀ ಸಮಾಧಿಗಳು; ಗುಂಡಿಗಳೆಲ್ಲ ಚಿಕ್ಕಬೈರಪ್ಪನ ತಾತ ರಾಗಿ ತುಂಬಲು ತೋಡಿದ ಹಗೇವುಗಳು. ಒಂದು ಬೆರಳು ದಪ್ಪದ ಗೆರೆ ಇದ್ದರೆ ನೀನು ಸರಿ, ಇಲ್ಲದಿದ್ದರೆ ಅವರು ಸರಿ.

೧೯೯೪ರ ಆ ಮಧ್ಯಾಹ್ನ ಸಾಹೇಬರು ಗೋಡೆ ನೋಡಲು ಬರುವ ಹೊತ್ತಿಗೆ ಗೋಡೆ ಒಣಗಿ ಎಲ್ಲ ಒಂದೇ ಬಣ್ಣವಾಗಿತ್ತು. ನೀನು ಗೆರೆಗೆ ಮೊಳೆ ಹೊಡೆದು ಚೀಟಿ ಕಟ್ಟಿರಲಿಲ್ಲ. ಅದೊಂದು ತಪ್ಪು ನಿನ್ನದು. ಫೋಟೋ ರೀಲು ಹಿಂದಿನ ದಿನವೇ ಮುಗಿದಿತ್ತು. "ಒಂದ್ಸಲ ನೀರು ಚಿಮುಕ್ಸಿ ನೋಡಿ ಸಾರ್" ಎಂದು ನೀನು ಬೇಡಿಕೊಂಡೆ. ಕ್ಯಾನಿನಲ್ಲಿ ನೀರು ಮುಗಿದಿತ್ತು, ಕೆರೆ ಒಣಗಿತ್ತು, ಜೀಪು ಹೊರಟು ನಿಂತಿತ್ತು. "ಬಾವಿ ತೋಡೋರ ಮಗನಿಗೆ ಎಲ್ಲಿ ನೋಡಿದ್ರೂ ಗೆರೇನೇ ಕಾಣುತ್ತೆ" ಎಂದು ಸಾಹೇಬರು ನಿಮ್ಮಪ್ಪ ಬೈಲಪ್ಪನವರನ್ನು ಎಳೆದು ತಂದರು. ಎಲ್ಲರೂ ನಕ್ಕರು. ನನ್ನನ್ನು ಕೇಳಿದಾಗ ನಾನು, "ನಾನು ಟೇಪ್ ಹಿಡಿದಿದ್ದೆ ಸಾರ್, ನೋಡಿದ್ದು ಅವನು" ಎಂದೆ. ಅಲ್ಲಿ ನಾನು ಗಟ್ಟಿಯಾಗಿ ಮಾತಾಡಬೇಕಿತ್ತು. ನಿನಗೆ ಅದೇ ಕೋಪವೆಂದು ನನಗೆ ಗೊತ್ತು, ಅದು ನ್ಯಾಯವಾದ ಕೋಪ. ಇದ್ದದ್ದು ಒಂದೇ ಕಾಯಂ ಹುದ್ದೆ, ಅದು ನನಗೆ ಬಂತು. ನೀನು ಗಾರ್ಮೆಂಟ್ಸಿನಲ್ಲಿ ಪ್ಯಾಟರ್ನ್ ಮಾಸ್ಟರ್ ಆಗಿ ಮೂವತ್ತು ವರ್ಷ ಅಂಗಿಯ ತೋಳು, ಕಾಲರು ಬರೆದೆ. ಅಂಥ ಕೈ.

ಮಿತ್ರಾಳ ಯೋಚನೆ ಇಷ್ಟು. ಐದನೇ ಗುಂಡಿಯ ಅರ್ಧವನ್ನು ಮಾತ್ರ ನಾವು ಅಗೆದಿದ್ದೆವು, ಇನ್ನರ್ಧ ಗೋಡೆಯೊಳಗೇ ಉಳಿದಿದೆ. ಹಳೆಯ ಅಗೆತವನ್ನು ಹುಡುಕಿ, ಆ ಗೋಡೆಯನ್ನು ಒಂದು ಅಡಿ ಹಿಂದಕ್ಕೆ ಕೆರೆದು, ನೀರು ಹಾಕಿ ನೋಡಿದರೆ ಎಲ್ಲ ಹೊರಬರುತ್ತದೆ. ಆದರೆ ಅಗೆತ ಎಲ್ಲಿತ್ತೆಂದು ತಿಳಿದವರು ಬೇಕು. ಸಾಹೇಬರು ಹೋದರು, ಅಗೆಯುತ್ತಿದ್ದ ಮುನಿಯಣ್ಣ ಹೋಗಿ ಹನ್ನೊಂದು ವರ್ಷ. ನೀನು ಬರುವವನಲ್ಲ. ಉಳಿದವನು ನಾನು.

"ಅಪ್ಪನ ಹೆಸರು ರಿಪೋರ್ಟಲ್ಲಿ ಒಂದ್ಸಲ ಬರ್ಬೇಕು ಅಂಕಲ್. ಅವರು ಬರೆದ ಗೆರೆ ಸರಿ ಇತ್ತು ಅಂತ. ಅಷ್ಟೇ" ಎಂದಳು. ನಾನು ಬರುತ್ತೇನೆ ಎಂದಿದ್ದೇನೆ.

ಈಶ್ವರಮ್ಮನವರಿಗೆ ನಮಸ್ಕಾರ ತಿಳಿಸು.

ನಿನ್ನ,
ಶಿವರಾಮ

——

ತ್ಯಾಗರಾಜನಗರ
೧೯ ಫೆಬ್ರವರಿ ೨೦೨೪

ಪ್ರಿಯ ಸಿದ್ಧಾರ್ಥ,

ಕ್ಷೇಮ. ನೀನೂ ಕ್ಷೇಮವೆಂದು ನಂಬಿದ್ದೇನೆ. ಮೊದಲ ಕಾಗದಕ್ಕೆ ಉತ್ತರ ಬರಲಿಲ್ಲ, ಬರುತ್ತದೆಂದು ನಾನು ಪೋಸ್ಟಿನವನ ದಾರಿ ಕಾಯಲೂ ಇಲ್ಲ. ಸುಳ್ಳು, ಎರಡು ದಿನ ಕಾದೆ. "ಅಪ್ಪ ಓದಿದ್ರು ಅಂಕಲ್, ಮಡಚಿ ಪ್ಯಾಟರ್ನ್ ಪೇಪರ್ ಕೆಳಗೆ ಇಟ್ರು" ಎಂದು ಮಿತ್ರಾ ಹೇಳಿದಳು. ಹರಿಯಲಿಲ್ಲವಲ್ಲ, ಅಷ್ಟೇ ಸಾಕು.

ಮಂಡಿನೋವಿನ ಮುದುಕನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ನಿನ್ನ ಮಗಳು ದಿನವೂ ಹೊಲಕ್ಕೆ ಕರೆದೊಯ್ಯುತ್ತಾಳೆ. ಹೊಲ ಎನ್ನುವುದು ಬಾಯಿ ರೂಢಿ, ಈಗ ಅದು ಮೂರು ಕಡೆ ಅಪಾರ್ಟ್‌ಮೆಂಟುಗಳ ನಡುವೆ ತಗಡು ಬೇಲಿ ಹಾಕಿದ ಸೈಟು. ಕೆರೆಗೆ ಜಾಲರಿ ಹಾಕಿ ವಾಕಿಂಗ್ ಪಾತ್ ಮಾಡಿದ್ದಾರೆ. ಮೊದಲ ದಿನ ನನಗೆ ಉತ್ತರ ಯಾವುದು, ದಕ್ಷಿಣ ಯಾವುದು ತಿಳಿಯಲಿಲ್ಲ. ನಾವು ಎತ್ತರದ ಅಳತೆಗೆಲ್ಲ ಮೂಲವಾಗಿ ಕೆರೆಯ ತೂಬಿನ ಕಲ್ಲಿನ ಮೇಲೆ ಉಳಿಯಿಂದ ಗುರುತು ಕೆತ್ತಿದ್ದು ನೆನಪಿದೆಯೆ? ತೂಬಿಗೆ ಈಗ ಬಣ್ಣ ಬಳಿದಿದ್ದಾರೆ. ಮಿತ್ರಾ ಕೀಲಿಯಿಂದ ಬಣ್ಣ ಕೆರೆದಳು, ಗುರುತು ಸಿಕ್ಕಿತು. ಅಲ್ಲಿಂದ ಟೇಪ್ ಎಳೆದೆವು. ನಾನು ಒಂದು ತುದಿ, ಅವಳು ಇನ್ನೊಂದು ತುದಿ. ನಾನು ಅಳತೆ ಕೂಗುತ್ತಿದ್ದೆ, ಅವಳು ಗ್ರಾಫ್ ಶೀಟಿನಲ್ಲಿ ಚುಕ್ಕೆ ಇಡುತ್ತಿದ್ದಳು. ಚುಕ್ಕೆ ಇಟ್ಟ ಮೇಲೆ ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸುತ್ತಾಳೆ. ನಿನ್ನ ಆ ಅಭ್ಯಾಸವನ್ನು ಅವಳಿಗೆ ನೀನು ಹೇಳಿಕೊಟ್ಟಿರಲಾರೆ.

ಎರಡನೆಯ ದಿನ ಚಿಕ್ಕಬೈರಪ್ಪನವರು ಬಂದರು. ತೊಂಬತ್ತರ ಹತ್ತಿರ, ಕಿವಿ ಸ್ವಲ್ಪ ದೂರ, ಬಾಯಿ ಮಾತ್ರ ಹತ್ತಿರವೇ ಇದೆ. ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ನಮ್ಮ ಕೆಲಸ ನೋಡಿದರು. ನಿಮ್ಮ ತಾತ ಇಲ್ಲಿ ಹಗೇವು ತೋಡಿಸಿದ್ದರಂತಲ್ಲ ಎಂದು ಮಿತ್ರಾ ಕಿವಿಯ ಬಳಿ ಕೂಗಿ ಕೇಳಿದಳು.

"ಯಾವನ್ ಹೇಳ್ದ?" ಎಂದರು. "ಹಗೇವ್ ಮನೆ ಮುಂದೆ ಇರ್ತದೆ ಕಣವ್ವ, ಊರೊಳಗೆ. ಕೆರೆ ಪಕ್ಕದ ತೇವದಾಗೆ ಯಾರ್ ತೋಡ್ತಾರೆ? ರಾಗಿ ಮುಗ್ಗು ಹಿಡ್ಯಕ್ಕಾ? ಇಲ್ದಿದ್ರೆ ಕಳ್ರಿಗೆ ಕೊಡಕ್ಕಾ?"

ಮತ್ತೆ ಆಗ ನಮ್ಮ ಸಾಹೇಬರಿಗೆ ಯಾಕೆ ಇದನ್ನು ಹೇಳಲಿಲ್ಲ ಎಂದು ನಾನು ಕೇಳಿದೆ.

"ಆವಯ್ಯ ಕೇಳ್ಲೇ ಇಲ್ವಲ್ಲ ಸಾಮಿ" ಎಂದರು.

ನಾವು ಇಬ್ಬರೂ ನಕ್ಕೆವು. ನಿನ್ನನ್ನು ನೆನೆದು ನನಗೆ ಆಮೇಲೆ ಅಳುವೂ ಬಂತು. ಮೂವತ್ತು ವರ್ಷ ಒಂದು ಮಾತು ಆ ಮುದುಕರ ಬಾಯಲ್ಲಿತ್ತು, ಕೇಳುವವರಿರಲಿಲ್ಲ. ಆದರೆ ಬಾಯಿಮಾತು ದಾಖಲೆಯಾಗುವುದಿಲ್ಲ. ಕೆರೆ ಆಮೇಲೆ ಬಂದಿರಬಹುದು, ಊರು ಮೊದಲು ಇಲ್ಲೇ ಇದ್ದಿರಬಹುದು ಎಂದು ಯಾರಾದರೂ ಹೇಳಿಯಾರು. ಮಿತ್ರಾ ಅದನ್ನು ಪುಸ್ತಕದಲ್ಲಿ ಬರೆದುಕೊಂಡು, "ಗೋಡೆ ಹೇಳ್ಬೇಕು ಅಂಕಲ್, ನಾವು ಹೇಳಿದ್ರೆ ಆಗಲ್ಲ" ಎಂದಳು.

ಶಿವಕಿರಣ್ ಕೆಟ್ಟವನಲ್ಲ. ದಿನಕ್ಕೊಮ್ಮೆ ಬಂದು ಎಳನೀರು ಕೊಡಿಸುತ್ತಾನೆ. "ಇಪ್ಪತ್ತೆಂಟಕ್ಕೆ ಗುದ್ದಲಿ ಪೂಜೆ ಅಂಕಲ್, ಇಪ್ಪತ್ತೊಂಬತ್ತಕ್ಕೆ ಜೆಸಿಬಿ ಬುಕ್ ಆಗಿದೆ. ಅಷ್ಟರೊಳಗೆ ನಿಮ್ದು ಮುಗಿಸ್ಕೊಂಡ್ಬಿಡಿ" ಎನ್ನುತ್ತಾನೆ. ಅವನ ಮಾತಿನಲ್ಲಿ ತಪ್ಪೇನೂ ಹುಡುಕಲಾಗುವುದಿಲ್ಲ.

ಇನ್ನು ನಿನಗೆ ಬರೆಯಲೇಬೇಕಾದ ವಿಷಯ. ನಿನ್ನೆ ನಾಲ್ಕನೇ ಅಗೆತದ ಈಶಾನ್ಯ ಮೂಲೆ ಸಿಕ್ಕಿತು. ತುಂಬಿದ ಮಣ್ಣು ಸಡಿಲವಾಗಿ, ಉದುರುದುರಾಗಿ ಬಂತು. ತಳ ಮುಟ್ಟಿದಾಗ ಮಿತ್ರಾಳ ಕರಣೆಗೆ ಗಾಜು ತಾಗಿತು. ಅಗೆತ ಮುಚ್ಚುವಾಗ ಮುಂದಿನವರಿಗೆ ತಿಳಿಯಲೆಂದು ಆ ವರ್ಷದ ನಾಣ್ಯವೊಂದನ್ನು ತಳದಲ್ಲಿ ಬಿಡುವುದು ನಮ್ಮ ಪದ್ಧತಿಯಲ್ಲವೆ? ನೀನು ನಾಣ್ಯವನ್ನು ಜಾಮ್ ಬಾಟಲಿಯಲ್ಲಿ ಹಾಕಿ, ಮುಚ್ಚಳಕ್ಕೆ ಮೇಣ ಬಳಿದು ಇಟ್ಟಿದ್ದೀಯೆ. ಮುಚ್ಚುವ ದಿನ ಬೆಳಿಗ್ಗೆ ನಾನು ಬಂದಿರಲಿಲ್ಲ, ಆದ್ದರಿಂದ ನನಗೆ ಅದು ಗೊತ್ತಿರಲಿಲ್ಲ. ನಾಣ್ಯದ ಜೊತೆ ಒಂದು ಚೀಟಿಯೂ ಇತ್ತು. ಗ್ರಾಫ್ ಶೀಟಿನ ತುಂಡು, ನಿನ್ನ ಅಕ್ಷರ.

"ಗೆರೆ ಇದೆ. ನೀರು ಹಾಕಿ ನೋಡಿ. — ಸಿ."

ಮಿತ್ರಾ ಅಗೆತದೊಳಗೆ ಕುಕ್ಕರಗಾಲಿನಲ್ಲಿ ಕೂತು ಓದಿದಳು. ಆಮೇಲೆ ನನಗೆ ಕೊಟ್ಟಳು. ನನ್ನ ಕನ್ನಡಕದಲ್ಲಿ ಧೂಳು ಕೂತಿತ್ತು ಎಂದು ಹೇಳಿದೆ. "ಅಂಕಲ್, ಅವತ್ತು ಒಂದು ಲೋಟ ನೀರು ಕೂಡ ಸಿಗ್ಲಿಲ್ವಾ?" ಎಂದು ಕೇಳಿದಳು. ಸಿಗಲಿಲ್ಲಮ್ಮ, ಊರಿನಿಂದ ಸೈಕಲ್ಲಿನಲ್ಲಿ ತರಬೇಕಿತ್ತು, ಅಂಥ ಬೇಸಿಗೆ ಎಂದೆ. ತಲೆ ಆಡಿಸಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ಅವಳು ಕೇಳದಿದ್ದರೂ ನಾನು ಇನ್ನೊಂದು ಸಲ ಬೇಸಿಗೆಯ ವರ್ಣನೆ ಮಾಡಿದೆ.

ಇನ್ನು ಉಳಿದಿರುವುದು ಪಶ್ಚಿಮ ಗೋಡೆ. ನಾಲ್ಕೈದು ದಿನದಲ್ಲಿ ಅಲ್ಲಿಗೆ ತಲುಪುತ್ತೇವೆ. ಗುಂಡಿ ಸಿಕ್ಕ ದಿನ ನೀನು ಬರಬೇಕು ಸಿದ್ಧಾರ್ಥ. ನನ್ನ ಮುಖ ನೋಡಬೇಡ, ಗೋಡೆಯ ಮುಖ ನೋಡು. ನೀರು ಚಿಮುಕಿಸುವವನು ನೀನೇ ಆಗಬೇಕು.

ನಿನ್ನ,
ಶಿವರಾಮ

——

ತ್ಯಾಗರಾಜನಗರ
೯ ಮಾರ್ಚ್ ೨೦೨೪

ಪ್ರಿಯ ಸಿದ್ಧಾರ್ಥ,

ನಮಸ್ಕಾರ. ನನ್ನ ಕ್ಷೇಮದ ವಿಚಾರ ಬರೆಯುವಂಥದ್ದೇನಿಲ್ಲ. ಹತ್ತು ದಿನ ತಡವಾಯಿತು. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಗೌರಮ್ಮ ಊಟಕ್ಕೆ ಕರೆದದ್ದೇ ನೆಪವಾಗಿ ಎದ್ದೆ. ಹಿಂದಿನ ಎರಡು ಕಾಗದಗಳನ್ನು ಮಿತ್ರಾಳ ಕೈಯಲ್ಲಿ ಕಳಿಸಿದ್ದೆ. ಇದನ್ನು ಪೋಸ್ಟಿಗೆ ಹಾಕುತ್ತಿದ್ದೇನೆ.

ನೀನು ಬರಲಿಲ್ಲ. ಬಾರದಿದ್ದುದೇ ಒಳ್ಳೆಯದಾಯಿತು.

ಇಪ್ಪತ್ತಾರರಂದು ಪಶ್ಚಿಮದ ಕಡೆಗೆ ತಲುಪಿದೆವು. ಮಣ್ಣು ಗಟ್ಟಿಯಾಗುವ ಬದಲು ಇನ್ನೂ ಸಡಿಲವಾಗುತ್ತ ಹೋಯಿತು. ಜಲ್ಲಿ ಬಂತು, ಪ್ಲಾಸ್ಟಿಕ್ ಬಂತು, ಆಮೇಲೆ ಸಿಮೆಂಟ್ ಪೈಪು. ಒಳಚರಂಡಿ ಲೈನು. ಶಿವಕಿರಣ್ ತನ್ನ ಮೊಬೈಲಿನಲ್ಲಿ ಯಾರನ್ನೋ ಕೇಳಿ, ೨೦೦೯ರಲ್ಲಿ ಹಾಕಿದ್ದು ಎಂದ. ನಾಲ್ಕು ಅಡಿ ಅಗಲ, ಆರು ಅಡಿ ಆಳ, ನಮ್ಮ ಗೋಡೆಯನ್ನೂ ಅದರೊಳಗಿದ್ದ ಅರ್ಧ ಹಗೇವನ್ನೂ ಸೇರಿಸಿಕೊಂಡು ನೇರವಾಗಿ ಹೋಗಿದೆ. ಒಂದು ಮೀಟರ್ ಆ ಕಡೆ ಹೋಗಿದ್ದರೂ ಸಾಕಿತ್ತು. ಪೈಪು ಹಾಕಿದವರಿಗೆ ಅದು ಬರೀ ಮಣ್ಣು.

ಮಿತ್ರಾ ಪೈಪಿನ ಎರಡೂ ಬದಿ ಮೊಣಕಾಲೂರಿ ಹುಡುಕಿದಳು. ಸಂಜೆ ಹೊತ್ತಿಗೆ ವಾಯವ್ಯ ಮೂಲೆಯಲ್ಲಿ ಪೈಪಿಗೆ ತಪ್ಪಿಸಿಕೊಂಡು ನಿಂತ ಹಳೆಯ ಗೋಡೆಯ ತುಂಡೊಂದು ಸಿಕ್ಕಿತು. ನಲವತ್ತು ಸೆಂಟಿಮೀಟರ್ ಅಗಲ, ನಮ್ಮ ಮನೆಯ ಟಿವಿಗಿಂತ ಚಿಕ್ಕದು.

ಮರುದಿನ ಬೆಳಿಗ್ಗೆ ಏಳಕ್ಕೆ ಹೋದೆವು. ಮಟ್ಟದ ದಾರ ಕಟ್ಟಿದೆವು. ಅವಳು ಕರಣೆಯಿಂದ ತೆಳ್ಳಗೆ ಕೆರೆದು, ಗಿಡಕ್ಕೆ ಚಿಮುಕಿಸುವ ಸ್ಪ್ರೇ ಬಾಟಲಿ ತೆಗೆದು ನೀರು ಹಾಕಿದಳು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಒದ್ದೆ ಇಳಿಯುತ್ತ ಇಳಿಯುತ್ತ ಬೂದಿಯ ಮೇಲೆ ಹಳದಿ ಗೆರೆ ಬಂತು, ಬೆರಳು ದಪ್ಪ. ಅದು ಇತ್ತು ಸಿದ್ಧಾರ್ಥ. ಮಿತ್ರಾ ದಾರದಿಂದ ಕೆಳಕ್ಕೆ ಟೇಪ್ ಹಿಡಿದು, "ಎಪ್ಪತ್ತೆರಡು" ಎಂದಳು. ಆಮೇಲೆ "ಎಪ್ಪತ್ತೊಂದೂವರೆ" ಎಂದಳು. ನಾನು ಹಿಂದಕ್ಕೆ ಸರಿದು ಮಣ್ಣುಗುಡ್ಡೆಯ ಮೇಲೆ ಕೂತೆ.

ಆದರೆ ಗೆರೆ ಸಿಕ್ಕಿತು, ಗುಂಡಿಯ ಬಾಯಿ ಸಿಗಲಿಲ್ಲ. ಆ ನಲವತ್ತು ಸೆಂಟಿಮೀಟರಿನಲ್ಲಿ ಹಗೇವಿಲ್ಲ. ಗೆರೆ ಇತ್ತು ಎಂದು ಸಾಧಿಸಬಹುದು, ಅದು ಹಗೇವಿನ ಬಾಯಿಯ ಮೇಲೆ ಕಡಿಯದೆ ಹಾದು ಹೋಗಿತ್ತು ಎಂದು ಸಾಧಿಸಲಾಗುವುದಿಲ್ಲ. ಎರಡೂ ಒಟ್ಟಿಗೆ ಇದ್ದ ಜಾಗ ಲೋಕದಲ್ಲೇ ಅದೊಂದು. ಅದೀಗ ಒಳಚರಂಡಿ. ಮಿತ್ರಾ ತನ್ನ ಮೇಲಿನ ಅಧಿಕಾರಿಗೆ ಅಲ್ಲಿಂದಲೇ ಫೋನು ಮಾಡಿದಳು. ಸ್ಪೀಕರಿನಲ್ಲಿ ನನಗೂ ಕೇಳಿಸಿತು. ಆಗ ಖುದ್ದಾಗಿ ಗೋಡೆ ನೋಡಿದವರು ಯಾರಾದರೂ ಬದುಕಿದ್ದು ಲಿಖಿತ ಹೇಳಿಕೆ ಕೊಟ್ಟರೆ, ಈ ತುಂಡಿನ ಜೊತೆ ಅದನ್ನೂ ಸೇರಿಸಿ ಹಳೆಯ ಚಿತ್ರವನ್ನು ಮರುಪರಿಶೀಲನೆಗೆ ಕಳಿಸಬಹುದು, ಬರೆದವರೇ ಹೇಳಿದರೆ ನಡೆಯುವುದಿಲ್ಲ, ಬೇರೆಯವರು ಬೇಕು ಎಂದರು.

ಅವಳು ಫೋನು ಇಟ್ಟು ನನ್ನ ಪಕ್ಕ ಬಂದು ಕೂತಳು.

"ಅಂಕಲ್, ನೀವು ಅವತ್ತು ಅಲ್ಲೇ ಇದ್ರಲ್ಲ. ಬೆಳಿಗ್ಗೆ ಗೋಡೆ ಒದ್ದೆ ಇದ್ದಾಗ ನೀವು ನೋಡಿದ್ರಾ? ಅವತ್ತು ಏನೇನಾಯ್ತು ಅಂತ ಪೂರ್ತಿ ಬರ್ಕೊಟ್ರೆ ಸಾಕು."

ಪೂರ್ತಿ ಎಂದಳು.

ನಾನು ಅವಳ ಬೂಟಿಗೆ ಅಂಟಿದ ಮಣ್ಣು ನೋಡುತ್ತ, "ನೆನಪಿಲ್ಲಮ್ಮ" ಎಂದೆ.

 "ಹೌದು ಬಿಡಿ ಅಂಕಲ್. ಮೂವತ್ತು ವರ್ಷ ಆಯ್ತಲ್ಲ" ಎಂದಳು. ಕೋಪವಿರಲಿಲ್ಲ. ಫ್ಲಾಸ್ಕಿನಿಂದ ನನಗೆ ಟೀ ಬಗ್ಗಿಸಿ ಕೊಟ್ಟು, ತೊಡೆಯ ಮೇಲೆ ದಾಖಲೆ ಪುಸ್ತಕ ಇಟ್ಟುಕೊಂಡು ಬರೆದಳು. ನಾನು ಓರೆಗಣ್ಣಿನಲ್ಲಿ ಓದಿದೆ. "ಗೋಡೆಯನ್ನು ಪ್ರತ್ಯಕ್ಷ ಕಂಡ ಬೇರೆ ಸಾಕ್ಷಿಗಳು ಯಾರೂ ಉಳಿದಿಲ್ಲ." ನಾನು ಪಕ್ಕದಲ್ಲಿ ಟೀ ಕುಡಿಯುತ್ತಿದ್ದೆ.

ಇಪ್ಪತ್ತೆಂಟಕ್ಕೆ ಪೂಜೆಯಾಯಿತು, ಚಿಕ್ಕಬೈರಪ್ಪನವರು ತೆಂಗಿನಕಾಯಿ ಒಡೆದರು. ಮರುದಿನ ಜೆಸಿಬಿ ಬಂತು. ಆ ಮೂಲೆಯ ತುಂಡಿಗೆ ಒಂದೇ ಬಕೆಟ್ ಸಾಕಾಯಿತು. ವರದಿ ಅದೇ ದಿನ ಹೋಯಿತು. ಗುಂಡಿಗಳ ಕಾಲ ನಿರ್ಧರಿಸಲಾಗಿಲ್ಲ, ಇತ್ತೀಚಿನವು ಇರಬಹುದು ಎಂದು ಬರೆಯಬೇಕಾಯಿತು. ಬರೆದವಳು ನಿನ್ನ ಮಗಳು. ನಿನ್ನ ಹೆಸರು ಅದರಲ್ಲಿಲ್ಲ. ಅವಳ ಗುತ್ತಿಗೆಯೂ ಮುಗಿಯಿತು, ಮುಂದುವರಿಸುವ ಮಾತು ಯಾರೂ ಆಡಿಲ್ಲ.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಮೊನ್ನೆ ನಾನು ಅವಳ ಆ ಅಧಿಕಾರಿಯ ಆಫೀಸಿಗೆ ಹೋಗಿದ್ದೆ. ನೆನಪಾಯಿತು, ಹೇಳಿಕೆ ಕೊಡುತ್ತೇನೆ ಎಂದೆ. "ಸಾರ್, ಫೈಲ್ ಕ್ಲೋಸ್ ಆಯ್ತಲ್ಲ. ಈಗ ಕೊಟ್ರೆ ಚೆಕ್ ಮಾಡೋಕೆ ಅಲ್ಲಿ ಏನಿದೆ? ಪಾಯ ಹಾಕ್ಬಿಟ್ಟಿದಾರೆ" ಎಂದರು. ಮರ್ಯಾದೆಯಿಂದಲೇ ಹೇಳಿದರು, ಕಾಫಿ ತರಿಸಿದರು. ನಾನು ಬರೆದುಕೊಂಡು ಹೋಗಿದ್ದ ಹಾಳೆಯನ್ನು ಹಾಗೇ ವಾಪಸ್ ತಂದೆ. ಅಲ್ಲಿಂದ ಹೊಲಕ್ಕೆ ಹೋದೆ. ನಾಲ್ಕನೇ ಅಗೆತ ಇದ್ದಲ್ಲಿ ಕಾಂಕ್ರೀಟು ಹಾಕಿ, ಮೇಲೆ ಗೋಣಿತಾಟು ಹೊದಿಸಿ, ಒಬ್ಬ ಹೆಂಗಸು ಪೈಪು ಹಿಡಿದು ನೀರು ಬಿಡುತ್ತಿದ್ದಳು. ಬೇಕಾದಷ್ಟು ನೀರು.

ಮಿತ್ರಾಳನ್ನು ಬೈಯಬೇಡ, ಅವಳ ಕೆಲಸದಲ್ಲಿ ಒಂದು ಎಳೆ ತಪ್ಪಿಲ್ಲ. ಗೆರೆ ಕಂಡ ತಕ್ಷಣ ಮೊಳೆ ಹೊಡೆದು ಚೀಟಿ ಕಟ್ಟಿದಳು, ಫೋಟೋ ತೆಗೆದಳು. ನಿನಗಿಂತ ಜಾಣೆ. ಅವಳಿಗೆ ನನ್ನ ತುಂಬು ಮನಸ್ಸಿನ ಆಶೀರ್ವಾದ. ನನ್ನ ಆಶೀರ್ವಾದಕ್ಕೆ ಏನು ಬೆಲೆಯೋ ತಿಳಿಯದು, ಗೌರಮ್ಮನದನ್ನೂ ಸೇರಿಸಿದ್ದೇನೆ. ಈಶ್ವರಮ್ಮನವರಿಗೆ ನಮಸ್ಕಾರ. ನಿನ್ನ ಕೈ, ನಿನ್ನ ಕಣ್ಣು ಚೆನ್ನಾಗಿರಲಿ.

ಇತಿ ನಿನ್ನ,
ಶಿವರಾಮ

ಮ.ವಿ.: ಸಹಿ ಹಾಕಿ ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದ್ದೇನೆ. ಆ ಆಫೀಸಿಗೆ ಒಯ್ದ ಹಾಳೆಯಲ್ಲಿ ಗೆರೆ ನೋಡಿದ್ದನ್ನಷ್ಟೇ ಬರೆದಿದ್ದೆ, ಉಳಿದದ್ದನ್ನು ಅಲ್ಲೂ ಬರೆದಿರಲಿಲ್ಲ. ಅವತ್ತು ಬೆಳಿಗ್ಗೆ ನೀನು ಕರಣೆಯ ತುದಿಯಿಂದ ತೋರಿಸಿದ ಗೆರೆಯನ್ನು ನಾನು ಕಣ್ಣಾರೆ ನೋಡಿದ್ದೆ. ಹಗೇವಿನ ಬಾಯಿಯ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಅಳತೆ ಕೂಗಿದವನು ನಾನು. ಎಪ್ಪತ್ತೆರಡು, ಎಪ್ಪತ್ತೊಂದೂವರೆ, ಎಪ್ಪತ್ತೊಂದು, ಎಪ್ಪತ್ತೆರಡು. ಆ ಅಂಕಿಗಳು ನನಗೆ ಒಂದು ದಿನವೂ ಮರೆತಿಲ್ಲ.

ಮಧ್ಯಾಹ್ನ ನೀನು ನೀರು ಕೇಳಿದಾಗ ಕ್ಯಾನು ನನ್ನ ಕೈಯಲ್ಲಿತ್ತು. ನೀನು ಮುಗಿದಿದೆಯೇ ಎಂದು ಕೇಳಿದೆ, ನಾನು ಮುಗಿದಿದೆ ಎಂದೆ. ನೀನು ಎತ್ತಿ ನೋಡಲಿಲ್ಲ, ಶಿವರಾಮ ಹೇಳಿದ ಮೇಲೆ ಮುಗಿಯಿತು ಎಂದು ನಂಬಿದೆ. ಕ್ಯಾನಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿತ್ತು. ಹುದ್ದೆ ಒಂದೇ ಇದೆ ಎಂದು ಸಾಹೇಬರು ಹಿಂದಿನ ದಿನ ನನ್ನೊಬ್ಬನಿಗೇ ಹೇಳಿದ್ದರು. ನಿಮ್ಮಪ್ಪನ ಹೆಸರೆತ್ತಿ ನಕ್ಕಾಗ ನಾನೂ ನಕ್ಕೆ.

ಜೀಪು ಹೋದ ಮೇಲೆ ನೀನು ಬಸ್ಸಿಗೆ ಮುಂದೆ ನಡೆದೆ. ನಾನು ಹಿಂದೆ ಉಳಿದು ಕ್ಯಾನಿನ ನೀರನ್ನೆಲ್ಲ ಕೆರೆ ಏರಿಯ ಹೊಂಗೆ ಮರದ ಬುಡಕ್ಕೆ ಸುರಿದೆ. ಬಸ್ಸು ತುಂಬಿತ್ತು. ನೀನು ಕಿಟಕಿಯ ಪಕ್ಕ ಕೂತು, ಇನ್ನೊಂದು ಸೀಟಿನ ಮೇಲೆ ನಿನ್ನ ಚಿತ್ರದ ಹಾಳೆಗಳ ಸುರುಳಿ ಇಟ್ಟು ನನಗೆ ಜಾಗ ಹಿಡಿದಿದ್ದೆ. ನಾನು ಬಂದಾಗ ನೀನು ಸುರುಳಿಯನ್ನು ತೊಡೆಯ ಮೇಲೆ ತೆಗೆದುಕೊಂಡೆ. ನಾನು ಕೂತೆ.